ಬಿಲ್ಲು ಬದಲಾದಾಗ ಬೆನ್ನಿನ ಕೆಲಸ

ಬಿಲ್ಲುಗಾರಿಕೆಯೆಂದರೆ ತೋಳಿನ ವಿದ್ಯೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಹರಿಕಥೆ, ಯಕ್ಷಗಾನಗಳನ್ನು ಕೇಳಿ ನೋಡಿ ಬೆಳೆದ ನಮಗೆ ಬಿಲ್ಲಾಳೆಂದೊಡನೆ ನೆನಪಾಗುವವರು ಆಜಾನುಬಾಹುಗಳಾದ ವೀರರು. ಅವರ ತೋಳ್ಬಲವನ್ನು ಕೊಂಡಾಡುವ ಮಾತುಗಳನ್ನು ಬೇಕಾದಷ್ಟು ಕೇಳಿದ್ದೇವೆ. ಬೆನ್ನನ್ನು ಹೊಗಳಿದವರನ್ನು ಮಾತ್ರ ನಾನು ಕಂಡಿಲ್ಲ. ಆದರೂ ನಮ್ಮ ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದದಲ್ಲಿ ಈ ವಿದ್ಯೆಯ ಗುಟ್ಟು ಅಡಗಿದೆ. ಹೆದೆಯನ್ನು 'ಆಕರ್ಣಾಂತ'ವಾಗಿ, ಎಂದರೆ ಕಿವಿಯ ತನಕ, ಸೆಳೆಯಬೇಕೆನ್ನುತ್ತಾರೆ. ಗಟ್ಟಿಯಾದ ಬಿಲ್ಲಿನ ಹೆದೆಯನ್ನು ಅಲ್ಲಿಯವರೆಗೆ ತರುವುದು ತೋಳೊಂದರಿಂದ ಆಗುವ ಕೆಲಸವಲ್ಲ. ಮೊಣಕೈ ದೇಹದ ಹಿಂಭಾಗಕ್ಕೆ ಸರಿದು, ಹೆಗಲಮೂಳೆಯು ಬೆನ್ನೆಲುಬಿನ ಕಡೆಗೆ ಜಾರಿದಾಗಲೇ ಅದು ಸಾಧ್ಯ.

ಮೂಳೆ ಮತ್ತು ಕೀಲುಗಳ ವೈದ್ಯನಾಗಿ ಪುಣೆಯಲ್ಲಿ ನೆಲೆಸಿರುವ ನಾನು ಈ ವಿಷಯವನ್ನು ಕುರಿತು ಬರೆಯಲು ಕಾರಣವಿದೆ. 2023ರಲ್ಲಿ ಬರ್ಲಿನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಾಂಪೌಂಡ್ ಬಿಲ್ಲಿನ ವೈಯಕ್ತಿಕ ಪ್ರಶಸ್ತಿಗಳೆರಡೂ ಮಹಾರಾಷ್ಟ್ರದ ಪಾಲಾದವು. ಮಹಿಳೆಯರಲ್ಲಿ ಸಾತಾರೆಯ ಅದಿತಿ ಸ್ವಾಮಿ, ಪುರುಷರಲ್ಲಿ ನಾಗಪುರದ ಓಜಸ್ ದೇವತಳೆ ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಕಾಂಪೌಂಡ್ ವಿಭಾಗದ ಐದು ಚಿನ್ನದ ಪದಕಗಳೂ ಭಾರತಕ್ಕೆ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸಲಾಗಿದೆ. ಇದರಿಂದಾಗಿ ನಮ್ಮ ಮಕ್ಕಳಲ್ಲಿ ಬಿಲ್ಲಿನ ಹಂಬಲ ಹೆಚ್ಚಿದೆ. ಅದರ ಜೊತೆಗೆ ಒಂದು ಬಿಲ್ಲಿನಿಂದ ಇನ್ನೊಂದಕ್ಕೆ ಜಿಗಿಯುವ ಆತುರವೂ ಹೆಚ್ಚಿದೆ. ಅದರ ಫಲ ನನ್ನ ಚಿಕಿತ್ಸಾಲಯಕ್ಕೆ ಬರುತ್ತದೆ.

ಕಳೆದ ಮಳೆಗಾಲದಲ್ಲಿ ಧಾರವಾಡದ ಕಡೆಯ ಸದ್ಗೃಹಸ್ಥರೊಬ್ಬರು ಹದಿನಾಲ್ಕು ವರ್ಷದ ಮಗಳನ್ನು ಕರೆತಂದರು. "ಡಾಕ್ಟರ್ ಸಾಹೇಬ್ರ, ಬಿದಿರ ಬಿಲ್ಲಿನಾಗ ಎರಡ ವರ್ಷ ಆಡ್ಯಾಳ್ರಿ, ಏನೂ ಆಗಿದ್ದಿಲ್ಲ. ಹೊಸಾದು ಕೊಡಿಸಿ ಮೂರು ತಿಂಗಳಾತು ನೋಡ್ರಿ, ಕೈ ಮ್ಯಾಲೆ ಎತ್ತಾಕ ಆಗವಲ್ದು ಅಂತಾಳ" ಎಂದರು. ಹುಡುಗಿಯ ಬಲಗೈಯನ್ನು ಪಕ್ಕದಿಂದ ಮೇಲಕ್ಕೆತ್ತಿಸಿದೆ. ಅರ್ಧ ದಾರಿಯವರೆಗೆ ನೋವಿಲ್ಲ. ಹೆಗಲಿನ ಮಟ್ಟಕ್ಕೆ ಬರುತ್ತಲೇ ಮುಖ ಕಿವುಚಿದಳು. ಅದನ್ನು ದಾಟಿ ತಲೆಯ ಮೇಲೆ ಹೋದಾಗ ಮತ್ತೆ ನೋವಿಲ್ಲ. ಹೆಗಲಿನ ಚಾವಣಿಯ ಕೆಳಗೆ ಸ್ನಾಯುರಜ್ಜು ಉಜ್ಜಿ ಊದಿಕೊಂಡಿದೆಯೆಂಬುದಕ್ಕೆ ಇದು ಹಳೆಯ ಗುರುತು. ತಂದೆಯವರ ಪ್ರಶ್ನೆ ನೇರವಾಗಿತ್ತು: ತಪ್ಪು ಬಿಲ್ಲಿನದೋ, ಹುಡುಗಿಯದೋ?

ಉತ್ತರ ಹೇಳುವ ಮುನ್ನ ಹೆಗಲಿನ ರಚನೆಯನ್ನು ಸ್ವಲ್ಪ ನೋಡಬೇಕು. ಬೆನ್ನಿನ ಮೇಲ್ಭಾಗದ ಇಕ್ಕೆಲಗಳಲ್ಲಿ ಚಪ್ಪಟೆಯಾಗಿ ಕುಳಿತಿರುವ ಮುಕ್ಕೋನದ ಮೂಳೆಯೇ ಹೆಗಲಮೂಳೆ. ವೈದ್ಯರು ಅದನ್ನು ಸ್ಕ್ಯಾಪುಲಾ ಎನ್ನುತ್ತಾರೆ. ಅದರ ಅಂಚಿನಲ್ಲಿ ತಟ್ಟೆಯಷ್ಟೇ ಆಳದ ಒಂದು ಗುಳಿಯಿದೆ. ತೋಳಿನ ಮೂಳೆಯ ಗುಂಡುತಲೆ ಆ ಗುಳಿಯಲ್ಲಿ ಹೊರಳುತ್ತದೆ. ಗುಳಿ ಆಳವಾಗಿಲ್ಲದ್ದರಿಂದ ಗುಂಡು ಜಾರದಂತೆ ನಾಲ್ಕು ಸಣ್ಣ ಸ್ನಾಯುಗಳು ಸುತ್ತಲೂ ಹಿಡಿದುಕೊಂಡಿರುತ್ತವೆ. ಇವು ಕೀಲನ್ನು ಕಾಯಲು ಹುಟ್ಟಿದವು, ಭಾರ ಎಳೆಯಲು ಅಲ್ಲ. ಭಾರ ಎಳೆಯುವ ಶಕ್ತಿಯಿರುವುದು ಹಿಂದೆ, ಹೆಗಲಮೂಳೆಗಳ ನಡುವೆ ಇರುವ ರೋಂಬಾಯ್ಡ್ ಸ್ನಾಯುಗಳಲ್ಲಿ ಮತ್ತು ಕುತ್ತಿಗೆಯಿಂದ ನಡುಬೆನ್ನಿನವರೆಗೆ ಹಾಸಿರುವ ಟ್ರೆಪೀಸಿಯಸ್ ಸ್ನಾಯುವಿನಲ್ಲಿ. ಟ್ರೆಪೀಸಿಯಸ್ಸಿನ ಮೇಲ್ಭಾಗ ಹೆಗಲನ್ನು ಕಿವಿಯ ಕಡೆಗೆ ಎತ್ತುತ್ತದೆ. ನಡುಭಾಗ ಹೆಗಲಮೂಳೆಯನ್ನು ಬೆನ್ನೆಲುಬಿನತ್ತ ಸೆಳೆಯುತ್ತದೆ. ಕೆಳಭಾಗ ಅದನ್ನು ಕೆಳಕ್ಕೆ ಇಳಿಸಿ ಹಿಡಿಯುತ್ತದೆ. ಬಿಲ್ಲುಗಾರನಿಗೆ ಬೇಕಾದುದು ನಡುಭಾಗ ಮತ್ತು ಕೆಳಭಾಗಗಳ ಕೆಲಸ. ಮೇಲ್ಭಾಗವು ಸುಮ್ಮನಿದ್ದಷ್ಟೂ ಲೇಸು.

ತರಬೇತುದಾರರು ಇದನ್ನು 'ಬ್ಯಾಕ್ ಟೆನ್ಷನ್' ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ಹೆಸರಿಡಲು ಹೊರಟು ನಾನು ಸೋತೆ. ಬೆನ್ನಿನ ಬಿಗಿತ, ಬೆನ್ನಿನ ಸೆಳೆತ, ಬೆನ್ನಿನ ಹಿಡಿತ, ಯಾವುದನ್ನು ಹೇಳಿದರೂ ಕೇಳಿದವರು ಎಣ್ಣೆ ಹಚ್ಚಲು ಬರುತ್ತಾರೆ! ಆದುದರಿಂದ ಸರಳವಾಗಿ 'ಬೆನ್ನಿನ ಬಲ' ಎಂದು ಕರೆಯುತ್ತೇನೆ. ಇದರ ಅನುಭವವಾಗಬೇಕಾದರೆ ಬಿಲ್ಲು ಬೇಕಿಲ್ಲ. ಬಲಗೈ ಮುಷ್ಟಿಯನ್ನು ಗಲ್ಲದ ಕೆಳಗಿಟ್ಟು, ಮೊಣಕೈಯನ್ನು ಹೆಗಲಿನ ಮಟ್ಟಕ್ಕೆ ಎತ್ತಿ ನಿಲ್ಲಿರಿ. ಮನೆಯವರೊಬ್ಬರಿಗೆ ನಿಮ್ಮ ಬಲ ಹೆಗಲಮೂಳೆ ಮತ್ತು ಬೆನ್ನೆಲುಬಿನ ನಡುವೆ ಒಂದು ಬೆರಳನ್ನು ಇಡಲು ಹೇಳಿರಿ. ಈಗ ಮೊಣಕೈಯನ್ನು ನಿಧಾನವಾಗಿ ಹಿಂದಕ್ಕೆ ಒತ್ತಿರಿ. ಅವರ ಬೆರಳು ಇಕ್ಕುಳದಲ್ಲಿ ಸಿಕ್ಕಂತಾದರೆ ಬೆನ್ನು ಕೆಲಸ ಮಾಡುತ್ತಿದೆ. ಬೆರಳು ಸಡಿಲವಾಗಿಯೇ ಉಳಿದು, ಹೆಗಲು ಕಿವಿಯ ಕಡೆಗೆ ಏರಿದರೆ ಮಾಡುತ್ತಿಲ್ಲ. ದಿನವೆಲ್ಲ ಮೇಜಿನ ಮುಂದೆ ಬಾಗಿ ಕುಳಿತು, ಮೊಬೈಲಿನ ಮೇಲೆ ಕುತ್ತಿಗೆ ಚಾಚುವ ನಮ್ಮಂಥ ನಗರವಾಸಿಗಳಲ್ಲಿ ಎದೆಯ ಮುಂಭಾಗ ಮೋಟಾಗಿ ಹೆಗಲಮೂಳೆಗಳು ಮುಂದಕ್ಕೆ ಜರುಗಿರುತ್ತವೆ. ಆದ್ದರಿಂದ ಮೊದಲ ಪ್ರಯತ್ನದಲ್ಲಿ ಬಹುಮಂದಿಯ ಹೆಗಲು ಮೇಲೇರುತ್ತದೆ, ನಿರಾಶರಾಗಬೇಕಿಲ್ಲ.

ಇಲ್ಲಿ ಒಂದು ಅತಿಶಯೋಕ್ತಿಯನ್ನು ತಿದ್ದಬೇಕು. 'ಎಲ್ಲವನ್ನೂ ಬೆನ್ನಿನಿಂದಲೇ ಎಳೆಯಬೇಕು, ಕೈ ಸತ್ತಂತಿರಬೇಕು' ಎಂದು ಕೆಲವರು ಕಲಿಸುತ್ತಾರೆ. ಇದು ಶಾರೀರಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಹೆದೆಯನ್ನು ಹಿಡಿದ ಬೆರಳುಗಳನ್ನು ಮಡಚಿಡುವ ಸ್ನಾಯುಗಳು ಮುಂಗೈಯಲ್ಲಿವೆ, ಅವು ದುಡಿಯಲೇಬೇಕು. ಹೆಗಲಿನ ಹಿಂಭಾಗದ ಡೆಲ್ಟಾಯ್ಡ್ ಕೂಡ ದುಡಿಯುತ್ತದೆ. ಬೆನ್ನಿನ ಬಲವೆಂದರೆ ಉಳಿದವು ನಿದ್ರಿಸುವುದಲ್ಲ. ಹೊರೆಯ ದೊಡ್ಡ ಪಾಲನ್ನು ದೊಡ್ಡ ಸ್ನಾಯುಗಳು ಹೊತ್ತು, ಬಿಲ್ಲು ಹಿಡಿದ ಮುಷ್ಟಿಯಿಂದ ಹೆದೆ ಹಿಡಿದ ಮೊಣಕೈವರೆಗೆ ಮೂಳೆಗಳು ಒಂದಕ್ಕೊಂದು ಆನಿಕೊಂಡು ನಿಲ್ಲುವುದು. ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 72 ಬಾಣಗಳನ್ನು ಬಿಡಬೇಕು. 40 ಪೌಂಡಿನ, ಎಂದರೆ ಸುಮಾರು 18 ಕಿಲೋ ಸೆಳೆತದ ಬಿಲ್ಲಾದರೆ, ಒಂದು ಬೆಳಗಿನಲ್ಲಿ ಒಟ್ಟು 1300 ಕಿಲೋದಷ್ಟು ಎಳೆದಂತಾಯಿತು. ಇಷ್ಟನ್ನು ಕೀಲಿನ ಕಾವಲುಗಾರರ ತಲೆಗೆ ಕಟ್ಟಿದರೆ ಅವರು ಎಷ್ಟು ದಿನ ಬಾಳಿಯಾರು?

ಹೀಗೆ ಬೆನ್ನು ಮಾಡಬೇಕಾದ ಕೆಲಸ ಎಲ್ಲ ಬಿಲ್ಲುಗಳಲ್ಲಿಯೂ ಒಂದೇ. ಆದರೆ ಅದನ್ನು ಯಾವಾಗ ಮಾಡಬೇಕು, ಎಷ್ಟು ದೂರದವರೆಗೆ ಮಾಡಬೇಕು ಎಂಬುದನ್ನು ಬಿಲ್ಲು ನಿರ್ಧರಿಸುತ್ತದೆ. ಆ ಹುಡುಗಿಯ ನೋವಿನ ಮೂಲವಿದ್ದುದು ಇಲ್ಲಿಯೇ.

ಬಿದಿರಿನ ಬಿಲ್ಲನ್ನು ಮೊದಲು ತೆಗೆದುಕೊಳ್ಳೋಣ. ನಮ್ಮ ದೇಶದ 'ಇಂಡಿಯನ್ ರೌಂಡ್' ಸ್ಪರ್ಧೆಗಳಲ್ಲಿ 30 ಮತ್ತು 50 ಮೀಟರ್ ದೂರಕ್ಕೆ ಇದನ್ನೇ ಬಳಸುತ್ತಾರೆ. ಬೆಲೆ ಕಡಿಮೆಯಾದ್ದರಿಂದ ಬಹುಪಾಲು ಮಕ್ಕಳ ಕಲಿಕೆ ಇದರಿಂದಲೇ ಆರಂಭ. ನೇರವಾದ ತೋಳುಗಳುಳ್ಳ ಈ ಬಿಲ್ಲಿನಲ್ಲಿ ಎಳೆದಷ್ಟೂ ಭಾರ ಏರುತ್ತ ಹೋಗುತ್ತದೆ. ಬಿಲ್ಲು ಗಿಡ್ಡವಾಗಿದ್ದರೆ ಕೊನೆಯ ಒಂದೆರಡು ಅಂಗುಲಗಳಲ್ಲಿ ಭಾರ ಒಮ್ಮೆಲೇ ಕಡಿದಾಗುತ್ತದೆ. ಬಿಲ್ಲಿನ ಮೇಲೆ ಬರೆದ ಪೌಂಡುಗಳ ಲೆಕ್ಕ ಸಾಮಾನ್ಯವಾಗಿ 28 ಅಂಗುಲದ ಸೆಳೆತಕ್ಕೆ ಸಂಬಂಧಿಸಿದ್ದು. ಅಂಗುಲಕ್ಕೆ ಎರಡು ಪೌಂಡಿನಷ್ಟು ವ್ಯತ್ಯಾಸ ಬರುತ್ತದೆಂದು ಹಿಡಿದರೆ, 30 ಪೌಂಡಿನ ಬಿಲ್ಲನ್ನು 25 ಅಂಗುಲ ಮಾತ್ರ ಎಳೆಯುವ ಹುಡುಗಿಯ ಕೈಗೆ ಸಿಗುವುದು ಸುಮಾರು 24 ಪೌಂಡು. ಇಲ್ಲಿ ಭಾರ ಅತ್ಯಂತ ಹೆಚ್ಚಾಗಿರುವುದು ಗುರಿಯಿಡುವ ಕ್ಷಣದಲ್ಲಿ. ಆದ್ದರಿಂದ ಕಲಿಯುವವನು ತನಗರಿವಿಲ್ಲದೆಯೇ ಒಂದು ಲಯವನ್ನು ರೂಢಿಸಿಕೊಳ್ಳುತ್ತಾನೆ: ಆರಂಭದಲ್ಲಿ ಕೈಯಿಂದ ಹಗುರವಾಗಿ ಎಳೆದು, ಕೊನೆಯಲ್ಲಿ ಬೆನ್ನನ್ನು ಕರೆಯುವುದು. ಎರಡು ಮೂರು ಸೆಕೆಂಡು ಹಿಡಿದು ಬಿಟ್ಟರೆ ಮುಗಿಯಿತು. ಹೆಚ್ಚು ಹೊತ್ತು ಹಿಡಿದವನ ಕೈ ನಡುಗುತ್ತದೆ, ಹೆದೆ ಮುಂದಕ್ಕೆ ಜಾರುತ್ತದೆ. ಬಿಲ್ಲು ಹಗುರವಾಗಿರುವ ತನಕ ಈ ಲಯದಿಂದ ದೊಡ್ಡ ಹಾನಿಯಿಲ್ಲ.

ಒಲಿಂಪಿಕ್ಸಿನಲ್ಲಿ 1972ರಿಂದ ಕಾಣುತ್ತಿರುವ ರಿಕರ್ವ್ ಬಿಲ್ಲು, ತುದಿಗಳು ಹೊರಕ್ಕೆ ಬಾಗಿದ ಬಿಲ್ಲು. ಆ ಬಾಗಿನಿಂದಾಗಿ ಭಾರ ಮೊದಲ ಅಂಗುಲಗಳಲ್ಲಿಯೇ ಬೇಗ ಏರಿ, ಕೊನೆಗೆ ನಯವಾಗಿ ಹೆಚ್ಚುತ್ತದೆ. ಇದರಲ್ಲಿ ಕ್ಲಿಕರ್ ಎಂಬ ತೆಳುವಾದ ಲೋಹದ ಪಟ್ಟಿಯಿರುತ್ತದೆ. ಬಾಣದ ಮೊನೆ ಅದರ ಕೆಳಗಿನಿಂದ ಹಿಂದೆ ಸರಿದಾಗ 'ಟಿಕ್' ಎಂದು ಸದ್ದಾಗುತ್ತದೆ. ಬಾಣ ಬಿಡುವುದು ಆಗಲೇ. ಗಲ್ಲದ ಕೆಳಗೆ ಹೆದೆಯನ್ನು ಆನಿಸಿ ನಿಂತ ಮೇಲೆ ಬಾಣ ಇನ್ನೂ ಎರಡು ಮೂರು ಮಿಲಿಮೀಟರ್ ಸರಿಯಬೇಕು. ಈ ಅಲ್ಪ ಚಲನೆಯನ್ನು ಬೆರಳಿನಿಂದಲೋ ಮಣಿಕಟ್ಟಿನಿಂದಲೋ ಕದ್ದರೆ ಬಾಣ ಗುರಿ ತಪ್ಪುತ್ತದೆ. ಹೆಗಲಮೂಳೆ ಬೆನ್ನೆಲುಬಿನತ್ತ ನವಿರಾಗಿ ಜರುಗಿದರೆ ಮಾತ್ರ ಅದು ಪ್ರತಿಸಲವೂ ಒಂದೇ ಬಗೆಯಾಗಿರುತ್ತದೆ. ಆದ್ದರಿಂದ ರಿಕರ್ವಿನಲ್ಲಿ ಬೆನ್ನು ನಿಲ್ಲುವಂತಿಲ್ಲ. ಪೂರ್ತಿ ಭಾರವನ್ನು ಹೊತ್ತುಕೊಂಡೇ ಅದು ಕೊನೆಯವರೆಗೂ ಚಲಿಸುತ್ತಿರಬೇಕು. ಬಿದಿರಿನಿಂದ ರಿಕರ್ವಿಗೆ ಬಂದವರಿಗೆ ಕಷ್ಟವಾಗುವುದು ಭಾರಕ್ಕಿಂತ ಹೆಚ್ಚಾಗಿ ಈ ಮುಂದುವರಿಕೆ. ಮೊದಲ ಕೆಲವು ತಿಂಗಳು ಕ್ಲಿಕರನ್ನು ತೆಗೆದಿಟ್ಟು ಅಭ್ಯಾಸ ಮಾಡಿಸುವ ತರಬೇತುದಾರರೇ ಜಾಣರೆಂದು ನನ್ನ ಅಭಿಪ್ರಾಯ. ಕ್ಲಿಕ್ಕಿನ ಸದ್ದಿಗಾಗಿ ಕಾತರಿಸುವ ಮಗು ಹೆಗಲನ್ನು ಎತ್ತಿಯಾದರೂ ಸದ್ದು ಮಾಡಿಸುತ್ತದೆ.

ಇನ್ನು ಕಾಂಪೌಂಡ್ ಬಿಲ್ಲು. ಅಮೆರಿಕದ ಹಾಲೆಸ್ ವಿಲ್ಬರ್ ಆ್ಯಲನ್ ಎಂಬಾತ 1960ರ ದಶಕದಲ್ಲಿ ರೂಪಿಸಿ 1969ರಲ್ಲಿ ಹಕ್ಕುಪತ್ರ ಪಡೆದ ಈ ಬಿಲ್ಲು ಬಿಲ್ಲಿಗಿಂತ ಯಂತ್ರಕ್ಕೆ ಹತ್ತಿರ. ತುದಿಗಳಲ್ಲಿ ಕ್ಯಾಮ್ ಎಂಬ ಅಸಮವಾದ ಗಾಲಿಗಳಿದ್ದು, ಅವು ಹೊರಳಿದಂತೆ ಭಾರ ಬದಲಾಗುತ್ತದೆ. ಎಳೆಯತೊಡಗಿದ ಸ್ವಲ್ಪದರಲ್ಲಿಯೇ ಭಾರ ಶಿಖರಕ್ಕೇರುತ್ತದೆ. ಕೊನೆಗೆ ದಿಬ್ಬ ಇಳಿದ ಗಾಡಿಯಂತೆ ಒಮ್ಮೆಲೇ ಹಗುರಾಗುತ್ತದೆ. 40 ಪೌಂಡಿನ ಬಿಲ್ಲಿನಲ್ಲಿ ನೂರಕ್ಕೆ 75ರಷ್ಟು ಇಳಿತವಿದ್ದರೆ ಗುರಿಯಿಡುವಾಗ ಕೈಯಲ್ಲಿ ಉಳಿಯುವುದು 10 ಪೌಂಡು ಮಾತ್ರ. ಅಲ್ಲಿಂದ ಮುಂದೆ ಹೆದೆ ಗೋಡೆಗೆ ತಾಗಿದಂತೆ ನಿಂತುಬಿಡುತ್ತದೆ.

ಈಗ ಆ ಹುಡುಗಿಯ ಕಥೆ ಸ್ಪಷ್ಟವಾಗುತ್ತದೆ. ಬಿದಿರಿನ ಲಯವನ್ನೇ ಅವಳು ಕಾಂಪೌಂಡಿಗೂ ತಂದಿದ್ದಳು. ಮೊದಲು ಕೈ, ಆಮೇಲೆ ಬೆನ್ನು. ಆದರೆ ಇಲ್ಲಿ ಭಾರವಿರುವುದೇ ಮೊದಲು, ಕೈ ಇನ್ನೂ ಮುಂದಕ್ಕೆ ಚಾಚಿಕೊಂಡು ಹೆಗಲು ದುರ್ಬಲ ಸ್ಥಿತಿಯಲ್ಲಿರುವಾಗ. 40 ಪೌಂಡನ್ನು ದಿನಕ್ಕೆ ನೂರು ಸಲ ಅವಳು ಹೆಗಲನ್ನು ಕಿವಿಗೆತ್ತಿ ತೋಳಿನಿಂದಲೇ ಎಳೆಯುತ್ತಿದ್ದಳು. ಬೆನ್ನು ಕೆಲಸಕ್ಕೆ ಬರುವ ಹೊತ್ತಿಗೆ ಕೆಲಸವೇ ಮುಗಿದಿರುತ್ತಿತ್ತು. ಹಗುರಾದ 10 ಪೌಂಡನ್ನು ಹಿಡಿಯಲು ಬೆನ್ನೇಕೆ? ಹೀಗೆ ಅದು ಸೋಮಾರಿಯಾಯಿತು. ಸೋಮಾರಿಯಾದಾಗ ಹೆದೆ ಗೋಡೆಯಿಂದ ಕೊಂಚ ಮುಂದೆ ಜಾರುತ್ತದೆ. ಆಗ ಕ್ಯಾಮ್ ಹಿಂದಕ್ಕೆ ಹೊರಳಿ, ಅಡಗಿದ್ದ ಭಾರವೆಲ್ಲ ಫಕ್ಕನೆ ಮರಳಿ ಬಂದು ತೋಳನ್ನು ಮುಂದಕ್ಕೆ ಜಗ್ಗುತ್ತದೆ. ಇಂಥ ಜಗ್ಗುಗಳೂ ಅವಳಿಗೆ ಹಲವು ಆಗಿದ್ದವು.

ಇದರ ಜೊತೆಗೆ ಇನ್ನೊಂದು ಎಡವಟ್ಟು. ಆ ಬಿಲ್ಲು ಅವಳಿಗೆ ಹೊಸದಾದರೂ ಎತ್ತರದ ಹುಡುಗಿಯೊಬ್ಬಳು ಬಳಸಿ ಮಾರಿದ್ದು. ಅದರ ಸೆಳೆತದ ಉದ್ದವನ್ನು ಯಾರೂ ಬದಲಿಸಿರಲಿಲ್ಲ. ಬಿದಿರಿನಲ್ಲಾಗಲಿ ರಿಕರ್ವಿನಲ್ಲಾಗಲಿ ಎಷ್ಟು ಉದ್ದ ಎಳೆಯಬೇಕೆಂಬುದನ್ನು ನಮ್ಮ ದೇಹ ನಿರ್ಧರಿಸುತ್ತದೆ. ಕಾಂಪೌಂಡಿನಲ್ಲಿ ಅದನ್ನು ಕ್ಯಾಮ್ ನಿರ್ಧರಿಸುತ್ತದೆ. ಉದ್ದ ಹೆಚ್ಚಾದರೆ ಬಿಲ್ಲುಗಾರ ಹಿಂದಕ್ಕೆ ವಾಲುತ್ತಾನೆ, ಬಿಲ್ಲು ಹಿಡಿದ ಹೆಗಲು ಮೇಲೇರುತ್ತದೆ. ಕಡಿಮೆಯಾದರೆ ಮೊಣಕೈ ಹಿಂದಕ್ಕೆ ಬರಲಾರದೆ ಹೆಗಲಮೂಳೆ ತನ್ನ ನೆಲೆಯನ್ನು ಮುಟ್ಟುವುದೇ ಇಲ್ಲ. ಬೇರೆಯವರ ಅಂಗಿಯನ್ನು ತೊಡಬಹುದು, ಬೇರೆಯವರ ಕಾಂಪೌಂಡನ್ನು ಅಳತೆ ಸರಿಪಡಿಸದೆ ಎಳೆಯಬಾರದು. ಅವಳಿಗೆ ಅದು ಒಂದು ಅಂಗುಲಕ್ಕೂ ಹೆಚ್ಚು ಉದ್ದವಾಗಿತ್ತು.

ಆದ್ದರಿಂದ ಕಾಂಪೌಂಡಿನಲ್ಲಿ ಬೆನ್ನಿನ ಪಾಠ ತಲೆಕೆಳಗಾಗುತ್ತದೆ. ಎಳೆಯುವ ಮೊದಲೇ ಎರಡೂ ಹೆಗಲುಗಳನ್ನು ಕೆಳಗಿಳಿಸಿ, ಹೆಗಲಮೂಳೆಯನ್ನು ನೆಲೆಗೊಳಿಸಿಕೊಂಡು, ಮೊದಲ ಅಂಗುಲದಿಂದಲೇ ಬೆನ್ನಿನಿಂದ ಎಳೆಯಬೇಕು. ಗೋಡೆಗೆ ತಾಗಿದ ಮೇಲೆ ಚಲನೆಗೆ ಎಡೆಯಿಲ್ಲ. ಗೋಡೆಯನ್ನು ಒತ್ತಿ ಹಿಡಿಯುವ ಸ್ಥಿರವಾದ ಬಲ ಮಾತ್ರ ಬೇಕು. ಇಲ್ಲಿ ಬೆರಳಿನ ಬದಲು ರಿಲೀಸ್ ಎಂಬ ಕೊಕ್ಕೆಯಿಂದ ಹೆದೆಯನ್ನು ಹಿಡಿಯುತ್ತಾರೆ. ಅದರಲ್ಲಿ ಒಂದು ಬಗೆಗೆ 'ಬ್ಯಾಕ್ ಟೆನ್ಷನ್ ರಿಲೀಸ್' ಎಂದೇ ಹೆಸರು ಬಿದ್ದಿದೆ. ಹೆಸರು ಕೇಳಿ ಮೋಸಹೋಗಬಾರದು. ಅದು ಬಿಡುವುದು ಹಿಡಿಕೆ ಸ್ವಲ್ಪ ಹೊರಳಿದಾಗ. ಆ ಹೊರಳು ಬೆನ್ನಿನಿಂದ ಬರಬಹುದು, ಬೆರಳುಗಳ ಜಾಣತನದಿಂದಲೂ ಬರಬಹುದು. ಕೊಕ್ಕೆಯನ್ನು ಕೊಂಡ ಮಾತ್ರಕ್ಕೆ ಬೆನ್ನಿನ ಬಲ ಬಂದುಬಿಡದು.

ಲೋಕದಲ್ಲಿ ಇನ್ನೂ ಬೇರೆ ಬಿಲ್ಲುಗಳಿವೆ. ಜಪಾನಿನ ಕ್ಯೂಡೋ ಬಿಲ್ಲು ಆಳಿಗಿಂತ ಎತ್ತರ, ಸುಮಾರು 220 ಸೆಂಟಿಮೀಟರ್. ಅದನ್ನು ತಲೆಯ ಮೇಲಕ್ಕೆತ್ತಿ, ಎರಡೂ ಕೈಗಳನ್ನು ಅಗಲಿಸುತ್ತ ಕೆಳಗಿಳಿಸಿ, ಕಿವಿಯನ್ನು ದಾಟಿ ಸೆಳೆಯುತ್ತಾರೆ. ನಮ್ಮ ಆಕರ್ಣಾಂತಕ್ಕೂ ಒಂದು ಹೆಜ್ಜೆ ಮುಂದೆ. ಅಲ್ಲಿ ಎಡಬಲ ಹೆಗಲುಗಳೆರಡೂ ಸಮನಾಗಿ ತೆರೆಯಬೇಕು. ಇಂಗ್ಲೆಂಡಿನ ಹಳೆಯ ಯುದ್ಧದ ಬಿಲ್ಲುಗಳ ಭಾರವಂತೂ ಭಯಂಕರ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ 'ಮೇರಿ ರೋಸ್' ಹಡಗಿನಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕವು. ಅವುಗಳ ಸೆಳೆತ ನೂರು ಪೌಂಡಿಗೂ ಮೇಲೆಂದು ತಜ್ಞರ ಅಂದಾಜು. ಅದೇ ಹಡಗಿನ ಕೆಲವು ಅಸ್ಥಿಪಂಜರಗಳಲ್ಲಿ ಹೆಗಲಮೂಳೆಯ ತುದಿ ಪ್ರಾಯ ಬಂದರೂ ಬೆಸೆದುಕೊಂಡಿರಲಿಲ್ಲ. ಬಾಲ್ಯದಿಂದ ಭಾರವಾದ ಬಿಲ್ಲನ್ನು ಎಳೆದುದೇ ಅದಕ್ಕೆ ಕಾರಣವಿರಬಹುದೆಂದು ಅಧ್ಯಯನ ಮಾಡಿದವರು ಊಹಿಸಿದ್ದಾರೆ. ಬೆಳೆಯುವ ಮಕ್ಕಳ ತಂದೆತಾಯಿಗಳು ಇದನ್ನು ಸ್ವಲ್ಪ ಯೋಚಿಸಬೇಕು. ಆ ಕಾಲದವನೇ ಆದ ಹ್ಯೂ ಲ್ಯಾಟಿಮರ್ ಎಂಬ ಧರ್ಮಗುರು 1549ರಲ್ಲಿ ದೊರೆಯ ಮುಂದೆ ಮಾಡಿದ ಉಪದೇಶದಲ್ಲಿ, ತೋಳಿನ ಬಲದಿಂದ ಎಳೆಯದೆ ದೇಹವನ್ನೇ ಬಿಲ್ಲಿನೊಳಗೆ ಇಡುವುದನ್ನು ತನ್ನ ತಂದೆ ಕಲಿಸಿದನೆಂದು ನೆನಪಿಸಿಕೊಂಡಿದ್ದಾನೆ.

ತೋಳಿಲ್ಲದೆಯೂ ಬಿಲ್ಲುವಿದ್ಯೆ ಸಾಧ್ಯವೆಂಬುದನ್ನು ನಮ್ಮ ಕಾಲದಲ್ಲಿ ಜಮ್ಮು-ಕಾಶ್ಮೀರದ ಶೀತಲ್ ದೇವಿ ತೋರಿಸಿದ್ದಾಳೆ. ಹುಟ್ಟಿನಿಂದಲೇ ತೋಳುಗಳಿಲ್ಲದ ಈಕೆ ಕಾಂಪೌಂಡ್ ಬಿಲ್ಲನ್ನು ಪಾದದಲ್ಲಿ ಹಿಡಿದು, ಹೆದೆಯನ್ನು ಹೆಗಲಿನ ಪಟ್ಟಿಗೆ ಸಿಕ್ಕಿಸಿ, ಕಾಲನ್ನು ಮುಂದಕ್ಕೆ ಚಾಚಿ ಸೆಳೆಯುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರರೊಡನೆ ಕಂಚಿನ ಪದಕ ಪಡೆದಳು.

ಬಿಲ್ಲನ್ನು ಬದಲಿಸುವವರು ಏನು ಮಾಡಬೇಕು? ನಾನು ಹೇಳುವುದು ಇಷ್ಟೇ. ಹೊಸ ಬಿಲ್ಲನ್ನು ಹಳೆಯದಕ್ಕಿಂತ ಹಗುರವಾಗಿ ಆರಂಭಿಸಿರಿ. ಎಳೆಯಲು ಬಿಲ್ಲನ್ನು ಆಕಾಶದತ್ತ ಎತ್ತಬೇಕಾಗಿ ಬಂದರೆ ಅದು ನಿಮಗೆ ಭಾರವೆಂದೇ ಅರ್ಥ. ಅಭಿಮಾನವನ್ನು ಬದಿಗಿಟ್ಟು ಕಡಿಮೆ ಮಾಡಿಸಿರಿ. ಮೂರು ನಾಲ್ಕು ವಾರ ದೂರದ ಗುರಿಯ ಆಸೆ ಬಿಟ್ಟು, ನಾಲ್ಕೈದು ಮೀಟರ್ ಅಂತರದಲ್ಲಿ ದೊಡ್ಡ ಹುಲ್ಲಿನ ಹಲಗೆಯನ್ನಿಟ್ಟು ಎಳೆಯಿರಿ. ಬಾಣ ಎಲ್ಲಿ ನಾಟಿತೆಂದು ನೋಡುವ ಚಪಲವಿಲ್ಲದಾಗಲೇ ಬೆನ್ನು ಏನು ಮಾಡುತ್ತಿದೆಯೆಂಬುದು ತಿಳಿಯುವುದು. ವಿಶೇಷವಾಗಿ ಕಾಂಪೌಂಡಿನಿಂದ ರಿಕರ್ವಿಗೆ ಹೋಗುವ ದೊಡ್ಡವರಿಗೆ ಒಂದು ಎಚ್ಚರಿಕೆ: 'ನಾನು 50 ಪೌಂಡ್ ಎಳೆಯುತ್ತಿದ್ದವನು' ಎಂಬ ಲೆಕ್ಕ ಇಲ್ಲಿ ನಡೆಯದು. ಅಲ್ಲಿ ನೀವು ಹಿಡಿದು ನಿಲ್ಲುತ್ತಿದ್ದುದು ಹನ್ನೆರಡೋ ಹದಿಮೂರೋ ಪೌಂಡು. ರಿಕರ್ವಿನಲ್ಲಿ 25 ಪೌಂಡನ್ನು ಹಿಡಿದು ನಿಂತರೂ ಅದರ ಇಮ್ಮಡಿಯಾಯಿತು.

ಹುಡುಗಿಗೆ ಆರು ವಾರ ಬಿಲ್ಲನ್ನು ನಿಲ್ಲಿಸಿದೆ. ಬಾಗಿಲ ಚಿಲಕಕ್ಕೆ ರಬ್ಬರಿನ ಪಟ್ಟಿ ಕಟ್ಟಿ, ಹೆಗಲನ್ನು ಕೆಳಗಿಳಿಸಿಕೊಂಡು ಮೊಣಕೈಗಳನ್ನು ಹಿಂದಕ್ಕೆ ಸೆಳೆಯುವ ವ್ಯಾಯಾಮವನ್ನು ದಿನಕ್ಕೆರಡು ಬಾರಿ ಮಾಡಿಸಿದೆವು. ಆಮೇಲೆ ತಿರುಪುಗಳನ್ನು ಸಡಿಲಿಸಿ ಬಿಲ್ಲನ್ನು 30 ಪೌಂಡಿಗೆ ಇಳಿಸಿ, ಉದ್ದವನ್ನೂ ಸರಿಪಡಿಸಿಕೊಂಡು ದಿನಕ್ಕೆ ಇಪ್ಪತ್ತು ಬಾಣಗಳಿಂದ ಮತ್ತೆ ಆರಂಭ. ಒಂದು ಜಿಲ್ಲಾ ಸ್ಪರ್ಧೆ ತಪ್ಪಿತು, ಅತ್ತಳು. ಈಗ ದೀಪಾವಳಿ ಕಳೆದಿದೆ, ಕೈ ತಲೆಯ ಮೇಲಕ್ಕೆ ನೋವಿಲ್ಲದೆ ಏರುತ್ತದೆ. 40 ಪೌಂಡಿಗೆ ಯಾವಾಗ ಹೋಗಬಹುದೆಂದು ತಂದೆ ಫೋನಿನಲ್ಲಿ ಕೇಳುತ್ತಲೇ ಇದ್ದಾರೆ; ನಾನು ಇನ್ನೂ ಒಪ್ಪಿಲ್ಲ.

ಮಕ್ಕಳನ್ನು ಮೈದಾನಕ್ಕೆ ಬಿಡಲು ಹೋಗಿ ತಾವೂ ಬಿಲ್ಲು ಹಿಡಿಯಬಯಸುವ ತಂದೆತಾಯಿಗಳಿಗೆ ಕೊನೆಯದಾಗಿ ಒಂದೆರಡು ಮಾತು. ಅವಶ್ಯವಾಗಿ ಹಿಡಿಯಿರಿ, ಕುರ್ಚಿಗೆ ಅಂಟಿದ ಬೆನ್ನಿಗೆ ಇದು ಒಳ್ಳೆಯ ವ್ಯಾಯಾಮ. ಆದರೆ ನಲವತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯಿರುವವರಲ್ಲಿ, ಹೆಗಲು ಹೆಪ್ಪುಗಟ್ಟಿದಂತೆ ಬಿಗಿಯುವ ರೋಗ ಹೆಚ್ಚು. ಬೆನ್ನ ಹಿಂದೆ ಕೈ ಹೋಗದಿದ್ದರೆ, ಆ ಮಗ್ಗುಲಿಗೆ ಮಲಗಿದಾಗ ನೋವು ಎಬ್ಬಿಸಿದರೆ, ಮೊದಲು ವೈದ್ಯರಿಗೆ ತೋರಿಸಿರಿ. ಬೆರಳು ಜೋಮು ಹಿಡಿದರೆ ಅಥವಾ ತೋಳಿನ ಬಲ ಕುಂದಿದರೆ ತಡಮಾಡಬಾರದು. ರಕ್ತದೊತ್ತಡವಿರುವವರು ಹೆದೆಯನ್ನು ಹಿಡಿದು ನಿಂತಾಗ ಉಸಿರನ್ನು ಬಿಗಿಹಿಡಿಯಬಾರದು, ನಿಧಾನವಾಗಿ ಹೊರಬಿಡುತ್ತಿರಬೇಕು. ಮೊದಲ ಬಿಲ್ಲು 20 ಪೌಂಡಿನದಾದರೆ ಸಾಕು, ಅದೂ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು.